ಮಾವನವರು ಸೇದದ ಬೀಡಿ

ಯಾವ ಕಷ್ಟಕ್ಕೆ ಯಾವ ಪುಸ್ತಕ ಎಂದು ಹೇಳುವುದರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ನನ್ನ ಸಮಾನರು ಯಾರೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬಿಕೆ ನನ್ನೊಬ್ಬನದೇ, ಆದರೂ ದೃಢವಾಗಿತ್ತು. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಪುಸ್ತಕದಂಗಡಿ ಇದೆ. ಸಂತೆಯ ದಿನ ಆಳಂದಕ್ಕೂ ಅಫಜಲಪುರಕ್ಕೂ ಹೋಗಿ ತಾಡಪತ್ರಿ ಹಾಸಿ ಪುಸ್ತಕ ಹರಡುತ್ತೇನೆ. ಜನ ಕೇಳುವುದು ಪರೀಕ್ಷೆಯ ಗೈಡು, ಕ್ಯಾಲೆಂಡರು. ನಾನು ಕೊಡುವುದೂ ಅದನ್ನೇ. ಆದರೆ ಕೊಡುವಾಗ ಮುಖ ನೋಡಿ ಇನ್ನೊಂದನ್ನು ಶಿಫಾರಸು ಮಾಡದೆ ಬಿಟ್ಟವನಲ್ಲ. ಮಗು ಊಟ ಮಾಡುವುದಿಲ್ಲವೇ? ಆನೆಮರಿ ಊಟಕ್ಕೆ ಕೂತ ಚಿತ್ರಪುಸ್ತಕ. ಮಗು ಕತ್ತಲೆಗೆ ಹೆದರುತ್ತದೆಯೇ? ಮಿಂಚುಹುಳದ ಚಿತ್ರಪುಸ್ತಕ. ಗಂಡ ಸಿಗರೇಟು ಸೇದುತ್ತಾನೆಯೇ? ಧೂಮಪಾನ ಬಿಡುವ ಮಾರ್ಗದರ್ಶಿ, ಹನ್ನೆರಡು ಅಧ್ಯಾಯ, ಗಟ್ಟಿ ರಟ್ಟು! ಆ ಮಾರ್ಗದರ್ಶಿಯನ್ನು ನಾನು ಬಹಳ ಜನಕ್ಕೆ ದಾಟಿಸಿದ್ದೇನೆ. ಒಬ್ಬರೂ ವಾಪಸ್ ತಂದಿಲ್ಲ. ಇದನ್ನು ನಾನು ಆ ಪುಸ್ತಕದ ಯಶಸ್ಸೆಂದೇ ತಿಳಿದಿದ್ದೆ.

ಹೀಗಿರುವಾಗ ಮಾವನವರ ಕೆಮ್ಮು ನನ್ನ ಪಾಲಿಗೆ ಬಂತು.

ನನ್ನ ಹೆಂಡತಿ ಕಸ್ತೂರಿಯ ತವರು ಅಫಜಲಪುರದ ಕಡೆ, ಭೀಮಾ ದಂಡೆಯ ಮಣ್ಣೂರ. ಮಾವ ಗುರುಲಿಂಗಪ್ಪನವರು ಅಲ್ಲಿ ಒಕ್ಕಲುತನ ಮಾಡಿಕೊಂಡು, ಊರ ಗುಡಿಯ ಕೆಲಸಕ್ಕೆಲ್ಲ ಮುಂದಾಗಿ ನಿಲ್ಲುವ ಹಿರಿಯರು. ಕಸ್ತೂರಿಗೆ ಅಪ್ಪ ಎಂದರೆ ಜೀವ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಕೆಮ್ಮು ಜೋರಾಯಿತೆಂದು ನಾನೇ ಅವರನ್ನು ಕಲಬುರಗಿಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಬೀಡಿ ಸೇದ್ತೀರೇನ್ರಿ?"

ಮಾವ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಛೇ ಛೇ, ಇಲ್ರಿ. ತೊಗರಿ ರಾಶಿ ಧೂಳ್ರಿ ಅದು."

ಇಲ್ಲಿ ನಮ್ಮ ಕಡೆಯ ಒಂದು ರಿವಾಜನ್ನು ಹೇಳಬೇಕು. ಅಳಿಯನೆಂದರೆ ನಮ್ಮಲ್ಲಿ ದೊಡ್ಡ ಮರ್ಯಾದೆ. ಮಾವನವರ ಲೆಕ್ಕದಲ್ಲಿ ಅಳಿಯನ ಕಣ್ಣೆದುರು ಬೀಡಿ ಹಚ್ಚುವುದು ಅಳಿಯನಿಗೆ ಮಾಡುವ ಅವಮಾನ. ಮದುವೆಯಾದಂದಿನಿಂದ ನಾನು ಅವರ ಕೈಯಲ್ಲಿ ಬೀಡಿ ಕಂಡಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಬೀಡಿ ಗೋಡೆಗೆ ಉಜ್ಜಿಸಿಕೊಂಡು ಆರುತ್ತದೆ. ಹೊಗೆ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ತೇಲುತ್ತಿರುತ್ತದೆ. ನಾವಿಬ್ಬರೂ ಆ ಹೊಗೆಯ ನಡುವೆ ನಿಂತು ಕಬ್ಬಿನ ಬೆಳೆಯ ಬಗ್ಗೆ ಗಂಭೀರವಾಗಿ ಮಾತಾಡುತ್ತೇವೆ. ಅವರ ಅಂಗಿಯ ಕಿಸೆ ಬೀಡಿ ಕಟ್ಟಿನಿಂದ ಉಬ್ಬಿರುತ್ತದೆ. ನಾನು ಕಿಸೆಯ ಕಡೆ ನೋಡುವುದಿಲ್ಲ. ಹೀಗಾಗಿ, ಅಧಿಕೃತವಾಗಿ ಮಾವನವರು ಬೀಡಿ ಸೇದುವವರಲ್ಲ. ಸೇದುತ್ತಾರೆ ಎಂಬುದು ಅಧಿಕೃತವಾಗಿ ನನಗೆ ಗೊತ್ತೂ ಇಲ್ಲ.

ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೇ ನಿಲ್ಲಿಸಿಕೊಂಡರು. "ಎದಿ ಕೆಟ್ಟದ್ರಿ. ಇವತ್ತ ಬಿಟ್ರ ಉಳಿದಷ್ಟರ ಉಳಿತದ. ಬಿಡಲಿಲ್ಲಂದ್ರ ಮುಂದಿನ ಸುಗ್ಗಿಗೆ ಹೊಲಕ್ಕ ಹೋಗೂದು ದೂರ ಉಳೀತು, ಅಂಗಳ ದಾಟೂದು ಕಠಿಣ ಅದ. ನೀವು ಓದಿದವ್ರು, ನೀವ ತಿಳಿಸಿ ಹೇಳ್ರಿ."

ಸೇದದೇ ಇರುವ ಬೀಡಿಯನ್ನು ಬಿಡಿ ಎಂದು ತಿಳಿಸಿ ಹೇಳುವುದು ಹೇಗೆ? ಹೊರಗೆ ಬಂದೆ. ಮಾವ ಬೆಂಚಿನಿಂದ ಎದ್ದು ನಿಂತು ಕೇಳಿದರು.

"ಏನಂದ್ರು ಡಾಕ್ಟ್ರು?"

"ಧೂಳು ಅಂದ್ರಿ."

"ನಾ ಮೊದಲ ಹೇಳಲಿಲ್ಲೇನ್ರಿ," ಎಂದು ಅವರು ಸಮಾಧಾನದಿಂದ ರುಮಾಲು ಸರಿ ಮಾಡಿಕೊಂಡರು.

ಮನೆಗೆ ಬಂದು ಕಸ್ತೂರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಅತ್ತಳು. ಅತ್ತು ಮುಗಿಸಿ ಕೇಳಿದಳು.

"ಅಪ್ಪಗ ಹೇಳಿದ್ರೇನ್ರಿ?"

"ನೇರ ಹೇಳೂದು ಚೊಲೊ ಕಾಣಂಗಿಲ್ಲ. ಪುಸ್ತಕ ಕೊಡ್ತೇನಿ."

"ನಾ ಕೇಳಿದ್ದು, ಹೇಳಿದ್ರೇನು ಅಂತ."

"ಪುಸ್ತಕ ಹೇಳ್ತದ."

"ಹಂಗಾರ ನಾನ ಹೇಳ್ಲೇನ್ರಿ?"

"ಬ್ಯಾಡ ಬ್ಯಾಡ. ನೀ ಅತ್ತು ಕರದು ಎಲ್ಲಾ ಕೆಡಸ್ತಿ. ಇದು ಪದ್ಧತಿ ಪ್ರಕಾರ ಆಗಬೇಕಾದ ಕೆಲಸ. ಪೂರಾ ನನಗ ಬಿಡು. ಆಣಿ ಮಾಡು, ಏನೂ ಹೇಳಂಗಿಲ್ಲ ಅಂತ."

ಪಾಪ, ಮಾಡಿದಳು. ನನ್ನನ್ನು ನಂಬಿದ ಮೂರು ತಾಲ್ಲೂಕಿನ ಜನರ ಪೈಕಿ ಅವಳೂ ಒಬ್ಬಳು ಎಂದು ನನಗೆ ಆಗ ಹೆಮ್ಮೆಯಾಯಿತು.

ಮುಂದಿನ ವಾರವೇ ಮಾರ್ಗದರ್ಶಿಯನ್ನು ಹೊಸ ಕಾಗದದಲ್ಲಿ ಸುತ್ತಿಕೊಂಡು ಮಣ್ಣೂರಕ್ಕೆ ಹೋದೆ. "ಮಾವಾರ, ಒಂದು ಪುಸ್ತಕ ತಂದೇನ್ರಿ. ಯಾರಿಗಂತ ಅಲ್ಲ, ಎಲ್ಲಾರೂ ಓದಬೇಕಾದ್ದು. ಸುಮ್ನ, ತಿಳುವಳಿಕಿಗಂತ." ಮಾವ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ. ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕದ ಸೀಟಿನವನಿಗೂ ಅದೇ ಪುಸ್ತಕವನ್ನು ಶಿಫಾರಸು ಮಾಡಿದೆ. ಅವನು ಎಲೆ ಅಡಿಕೆ ಹಾಕುವವನಂತೆ. ಆದರೂ ಮಾಡಿದೆ.

ಎರಡು ವಾರ ಬಿಟ್ಟು ಹೋಗಿ ನೋಡುತ್ತೇನೆ, ಪುಸ್ತಕ ದೇವರ ಜಗಲಿಯ ಮೇಲಿದೆ! ಅದರ ರಟ್ಟಿನ ಮೇಲೆ ಮುರಿದ ಸಿಗರೇಟಿನ ಚಿತ್ರವಿತ್ತು. ಆ ಸಿಗರೇಟಿಗೆ ಮೂರು ಬೆರಳಿನ ವಿಭೂತಿ, ಅದರ ಮೇಲೊಂದು ದಾಸವಾಳ. ಒಂದು ಹಾಳೆಯೂ ಮಡಚಿದಂತೆ ಕಾಣಲಿಲ್ಲ.

"ಅಳಿಯಾರು ಕೊಟ್ಟದ್ದು, ಕಾಲಾಗ ಕೈಯಾಗ ಬರೂ ಹಂಗ ಇಡಬಾರದಂತ ಮ್ಯಾಲ ಇಟ್ಟೇವ್ರಿ," ಎಂದರು ಅತ್ತೆ. "ದಿನಾ ಪೂಜಿ ಆಗ್ತದ. ಮುಂಜಾನಿ ಜಳಕ ಮಾಡಿ ಬಂದು ದೀಪ ಹಚ್ತಾರ, ಆಮ್ಯಾಲ ಅದ ಕಡ್ಡೀಲೆ..."

ಮಾವ ಜೋರಾಗಿ ಕೆಮ್ಮಿದರು.

"...ಅದ ಕಡ್ಡೀಲೆ ನಾ ಒಲಿ ಹಚ್ತೇನ್ರಿ," ಎಂದು ಅತ್ತೆ ಮುಗಿಸಿದರು. ಅವರ ಮನೆಯಲ್ಲಿ ಗ್ಯಾಸ್ ಬಂದು ವರ್ಷಗಳಾಗಿವೆ. ನಾನು ಹೌದೇನ್ರಿ ಎಂದೆ.

ಓದಿದಿರಾ ಎಂದು ಮಾವನವರನ್ನು ಕೇಳಿದೆ. "ಮನಸ ಭಾಳ ಅದ್ರಿ. ಅಕ್ಷರ ಸಾಸವಿ ಕಾಳಿನಕಿಂತ ಸಣ್ಣು ಅದಾವ, ಕಣ್ಣಿಗೆ ಹತ್ತಂಗಿಲ್ಲ," ಎಂದರು. ಸರಿ, ದೋಷ ಪುಸ್ತಕದ್ದಲ್ಲ, ಅಕ್ಷರದ ಗಾತ್ರದ್ದು. ಪುಸ್ತಕದಂಗಡಿಯವನಿಗೆ ಇದಕ್ಕಿಂತ ಸುಲಭವಾದ ಸಮಸ್ಯೆ ಯಾವುದಿದೆ? ದೊಡ್ಡ ಅಕ್ಷರ ಇರುವುದು ಮಕ್ಕಳ ಚಿತ್ರಪುಸ್ತಕಗಳಲ್ಲಿ. ನನ್ನ ಬಳಿ ಒಂದು ಗುಬ್ಬಿಯ ಕಥೆ ಇತ್ತು. ಇಟ್ಟಿಗೆ ಭಟ್ಟಿಯ ಪಕ್ಕದಲ್ಲಿ ಗೂಡು ಕಟ್ಟಿದ ಗುಬ್ಬಿ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಹಾಡುವುದನ್ನೇ ಮರೆಯುತ್ತದೆ, ಕೊನೆಗೆ ಬೇವಿನ ಮರಕ್ಕೆ ಹೋಗಿ ಸುಧಾರಿಸಿಕೊಳ್ಳುತ್ತದೆ. ಹಾಳೆ ತುಂಬ ಬಣ್ಣ, ಹಾಳೆಗೆರಡು ಸಾಲು. ಹೊಗೆಯಿಂದ ಎದೆಗೆ ಕೇಡು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಮೊಮ್ಮಕ್ಕಳು ರಜೆಗೆ ಬಂದಾಗ ಓದಿ ಹೇಳಲಿಕ್ಕೆ ಆಗುತ್ತದೆ ಎಂದು ನೆಪ ಮಾಡಿ ಅದನ್ನು ಕೊಟ್ಟು ಬಂದೆ.

ಈ ಸಲ ಮಾವ ಓದಿದರು. ಓದಿದ್ದಷ್ಟೇ ಅಲ್ಲ, ಗುಬ್ಬಿ ಹಾಡು ಮರೆತ ಹಾಳೆಗೆ ಬಂದಾಗ ಕಣ್ಣೀರು ಹಾಕಿದರಂತೆ. ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ಅಂಗಡಿಯಲ್ಲಿ ಎದ್ದೇ ನಿಂತೆ.

"ಅತ್ತೀರ, ಏನರೆ ಬದಲಾವಣಿ ಕಾಣ್ತದೇನ್ರಿ?"

"ಕಾಣ್ತದ್ರಿ. ನಿನ್ನಿ ಹೋಗಿ ಊರ ಹೊರಗಿನ ಇಟ್ಟಂಗಿ ಭಟ್ಟಿಯವನ ಜೋಡಿ ಜಗಳಾ ಆಡಿ ಬಂದಾರ. ನಿನ್ನ ಹೊಗಿಗೆ ಗುಬ್ಬಿ ಸಾಯಾಕತ್ಯಾವ, ನಿನಗ ಕರುಳಿಲ್ಲೇನು ಅಂತ. ಅವ ಇವರ ಬಾಯಿ ನೋಡಿ ನಕ್ಕನಂತ್ರಿ."

"ಯಾಕ ನಕ್ಕ?"

ಮಾವನವರ ಬಾಯಲ್ಲಿ ಏನಿತ್ತು ಎಂದು ಅಳಿಯನಿಗೆ ಅತ್ತೆ ಹೇಳುವಂತಿರಲಿಲ್ಲ, ಅವರು ಹೇಳಿದ್ದರೂ ನಾನು ಕೇಳಿಸಿಕೊಳ್ಳುವಂತಿರಲಿಲ್ಲ.

"ಯಾಕೋ ಗೊತ್ತಿಲ್ರಿ," ಎಂದರು. "ಕೆಮ್ಮು ಮಾತ್ರ ಜಾಸ್ತಿ ಆಗ್ಯಾದ. ಪುಸ್ತಕ ಹಿಡದು ಕುಂತ್ರ ಏಳಂಗಿಲ್ಲ. ಒಂದ ಹಾಳಿ ತಿರುವಿ ಹಾಕಿದಂಗ ಒಂದ... ಒಂದ ಅದು ಆಗ್ತದ್ರಿ. ಇಂಥವು ಇನ್ನೊಂದ ನಾಕು ಪುಸ್ತಕ ಬೇಕಂತ ಹೇಳಂದಾರ."

ನಾನು ಕಳಿಸಿದೆ! ಆನೆ, ಆಮೆ, ಅಳಿಲು, ಚಂದ್ರನಿಗೆ ಏಣಿ ಹಾಕಿದ ಹುಡುಗಿ, ಇದ್ದದ್ದನ್ನೆಲ್ಲ ಅಫಜಲಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಕಸ್ತೂರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು.

"ನಮ್ಮಪ್ಪಗ ನೀವು ಓದೂ ಚಟ ಹಚ್ಚಿದ್ರಿ. ಬೀಡಿ ಹಂಗ ಅದ. ಈಗ ಎರಡ ಚಟ ಆದವು."

"ಸ್ವಲ್ಪ ತಾಳು."

"ನಾ ತಾಳ್ತೇನ್ರಿ. ಎದಿ ತಾಳಬೇಕಲ್ಲ."

ಈ ಮಾತು ನನಗೆ ನಾಟಿತು. ಆ ರಾತ್ರಿಯೆಲ್ಲ ಯೋಚನೆ ಮಾಡಿದೆ. ಮನುಷ್ಯನಿಗೆ ಬುದ್ಧಿ ಇದ್ದಿದ್ದರೆ ಬೆಳಗಾಗುತ್ತಲೇ ಮಣ್ಣೂರಕ್ಕೆ ಹೋಗಿ ಮಾವಾರ, ಬೀಡಿ ಬಿಡ್ರಿ ಎನ್ನುತ್ತಿದ್ದ. ನನ್ನಲ್ಲಿದ್ದದ್ದು ಪುಸ್ತಕ ಜ್ಞಾನ. ಬೆಳಿಗ್ಗೆ ಫೋನು ಮಾಡಿ ಮಾವನವರಿಗೆ ಹೀಗೆ ಹೇಳಿದೆ: "ಮಾವಾರ, ಆ ಜಗಲಿ ಮ್ಯಾಲಿನ ಪುಸ್ತಕ ಓದಾಕ ಕಣ್ಣಿಗೆ ಹತ್ತಂಗಿಲ್ಲಂದ್ರ ಯಾರ ಕಡಿಂದರೆ ಓದಿಸಿ ಕೇಳ್ರಿ. ಒಬ್ಬರು ಓದ್ಲಿ, ತಿಳದವರು ಒಬ್ಬರು ಜರಾ ಬಿಡಿಸಿ ಅರ್ಥ ಹೇಳ್ಲಿ."

ಆ ಕಡೆ ಮಾವನವರ ದನಿ ತುಂಬಿ ಬಂತು.

"ಬರೋಬ್ಬರಿ ಹೇಳಿದ್ರಿ ನೋಡ್ರಿ. ಹೆಂಗೂ ಶ್ರಾವಣ ಹತ್ತರ ಬಂದದ."

ಶ್ರಾವಣಕ್ಕೂ ಬೀಡಿಗೂ ಏನು ಸಂಬಂಧ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವುದು ಎಂದರೆ ಅದಕ್ಕೆ ಇರುವುದು ಒಂದೇ ಹೆಸರು, ಪುರಾಣ. ಶ್ರಾವಣ ಮಾಸ ಪೂರ್ತಿ ಊರ ಗುಡಿಯಲ್ಲಿ ನಡೆಯುತ್ತದೆ, ಕೊನೆಗೆ ಕಾಯಿ ಒಡೆದು, ಪ್ರಸಾದ ಹಂಚಿ ಮಂಗಲ ಮಾಡುತ್ತಾರೆ. ಪುರಾಣದ ಹಿರಿತನ ಯಾರದು? ನಮ್ಮ ಮಾವನವರದು!

ಮಂಗಲದ ದಿನ ನೀವಿಬ್ಬರೂ ಬರಲೇಬೇಕು ಎಂದು ಕರೆ ಬಂದಾಗ ನನಗೆ ವಿಷಯ ತಿಳಿಯಿತು. ಈ ವರ್ಷ ಮಣ್ಣೂರದ ಗುಡಿಯಲ್ಲಿ ತಿಂಗಳಿಡೀ ಓದಿದ್ದು ನಾನು ಕೊಟ್ಟ ಧೂಮಪಾನ ಬಿಡುವ ಮಾರ್ಗದರ್ಶಿ. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡು, ಒಬ್ಬರನ್ನ ಬಿಡಸಾಕ ಹೋದೆ, ಊರಿಗೆ ಊರ ಬೀಡಿ ಬಿಡತದ," ಎಂದೆ ಕಸ್ತೂರಿಗೆ. ಅವಳು ಸೀರೆ ಮಡಚಿ ಚೀಲದಲ್ಲಿಟ್ಟಳು.

ನಾವು ತಲುಪಿದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಓದಿನ ನಡುವೆ ವಿಶ್ರಾಂತಿ ಕೊಟ್ಟಿದ್ದರು. ಗುಡಿಯ ಹಿಂದಿನ ಗೋಡೆಯ ಮೇಲೆ ದಟ್ಟವಾದ ಹೊಗೆ ಎದ್ದಿತ್ತು. ಪ್ರಸಾದದ ಒಲೆ ಇರಬೇಕು ಎಂದುಕೊಂಡು ಮೂಲೆ ತಿರುಗಿದೆ. ಪುರಾಣ ಕೇಳಲು ಬಂದ ಗಂಡಸರೆಲ್ಲ ಅಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. "ಅಳಿಯಾರು ಬಂದ್ರು," ಎಂದು ಯಾರೋ ಮೆಲ್ಲಗೆ ಅಂದರು. ಅಷ್ಟೂ ಬೀಡಿಗಳು ಒಟ್ಟಿಗೆ ನೆಲಕ್ಕೆ ಬಿದ್ದು ಚಪ್ಪಲಿಯ ಕೆಳಗೆ ಹೋದವು. ಸಾಲಿನ ಮಧ್ಯದಿಂದ ಮಾವನವರು ಎದ್ದು ಬಂದು ಕೈ ಮುಗಿದರು. ಬೇಸಿಗೆಯಲ್ಲಿ ನೋಡಿದ್ದಕ್ಕಿಂತ ಇಳಿದು ಹೋಗಿದ್ದರು. ಗುಡಿಯ ಮೂರು ಮೆಟ್ಟಿಲು ಹತ್ತಲಿಕ್ಕೆ ನಡುವೆ ನಿಂತು ಉಸಿರು ತೆಗೆದುಕೊಂಡರು.

ಓದು ಶುರುವಾಯಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಧ್ಯದಲ್ಲಿ ಮರದ ಪೀಠ, ಅದರ ಮೇಲೆ ರೇಷ್ಮೆ ಬಟ್ಟೆ, ಬಟ್ಟೆಯ ಮೇಲೆ ಮುರಿದ ಸಿಗರೇಟು. ಓದುವವನು ರಾಗವಾಗಿ ಓದಿದ: "ಬೆಳಿಗ್ಗೆ ಎದ್ದ ಕೂಡಲೇ ಮೊದಲ ಸಿಗರೇಟಿನ ಆಸೆ ಬರುತ್ತದೆ. ಆಗ ಒಂದು ಲೋಟ ನೀರು ಕುಡಿಯಿರಿ." ಓದಿ, ಅರ್ಥ ಹೇಳುವ ಚಂದ್ರಾಮಪ್ಪನವರ ಕಡೆ ನೋಡಿದ. ಚಂದ್ರಾಮಪ್ಪ ತತ್ವಪದ ಹಾಡುವ ಹಿರಿಯರು. ಅವರ ಕೈಗೆ ಸಿಕ್ಕ ಯಾವ ವಸ್ತುವೂ ಬರೀ ವಸ್ತುವಾಗಿ ಉಳಿಯುವುದಿಲ್ಲ. ಅವರು ಕಣ್ಣು ಮುಚ್ಚಿದರು.

"ಮುಂಜಾನಿ ಅಂದ್ರೇನು? ಹುಟ್ಟು. ಸಿಗರೇಟ ಅಂದ್ರೇನು? ಈ ದೇಹ. ಒಂದ ತುದಿಗೆ ಬೆಂಕಿ ಹತ್ಯಾದ, ಇನ್ನೊಂದ ತುದಿಯಿಂದ ಜೀವಾತ್ಮ ಎಳ್ಯಾಕತ್ಯಾನ. ಕಡೀಕ ಉಳಿಯೂದೇನು? ಬೂದಿ. ನೀರು ಅಂದ್ರ ಗುರು ಕೊಟ್ಟ ಅರಿವು. ತಿಳೀತೇನ್ರಪಾ?"

ಗುಡಿಯ ತುಂಬ ನಿಟ್ಟುಸಿರು. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಮಾವನವರ ಕಣ್ಣು ತುಂಬಿತ್ತು.

"ಇದು ಹೊರಗಿನ ಬೀಡಿ ಸಿಗರೇಟಿನ ಮಾತಲ್ಲ," ಚಂದ್ರಾಮಪ್ಪ ಮುಂದುವರಿಸಿದರು. "ಹೊರಗಿನ ಬೀಡಿ ಬಿಡ್ರಿ ಅಂತ ಹೇಳಾಕ ಯಾರರೆ ಇಷ್ಟು ದೊಡ್ಡ ಗ್ರಂಥ ಬರೀತಾರೇನು?"

ಎಲ್ಲರೂ ತಲೆದೂಗಿದರು. ತಿಂಗಳಿಡೀ ಹೀಗೆ ತಲೆದೂಗಿ, ತಿಂಗಳಿಡೀ ಗೋಡೆಯ ಹಿಂದೆ ಹೋಗಿ ಬಂದಿದ್ದರು. ಅಷ್ಟರಲ್ಲಿ ಮೈಕು ನನ್ನ ಕೈಗೆ ಬಂತು. ಗ್ರಂಥ ತಂದುಕೊಟ್ಟ ಅಳಿಯಂದಿರೇ ಕಡೆಯ ಅಧ್ಯಾಯದ ಅರ್ಥ ಹೇಳಬೇಕಂತೆ. ಈಗಲಾದರೂ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

"ಬೀಡಿ ಅಂದ್ರ ಬೀಡೀನ್ರಿ," ಎಂದೆ.

ಜನ ಮುಂದಿನ ಮಾತಿಗೆ ಕಾದರು.

"ಅಂದ್ರ, ಕಿಸೇದಾಗ ಇರ್ತದಲ್ಲ, ಅದ ಬೀಡಿ."

"ಕಿಸೆ ಅಂದ್ರ ಹೃದಯ," ಎಂದರು ಚಂದ್ರಾಮಪ್ಪ.

"ಅಲ್ರಿ. ಅಂಗಿ ಕಿಸೆ."

"ಅಂಗಿ ಅಂದ್ರ ಸ್ಥೂಲ ಶರೀರ. ಭಾಳ ಆಳಕ್ಕ ಹೊಂಟಾರ ಅಳಿಯಾರು."

"ಎದಿ ಕೆಡತದ್ರಿ. ನಮ್ಮ ನಿಮ್ಮ ಎದಿ, ಈ ಪಕ್ಕೆಲಬಿನ ಒಳಗಿನ ಎದಿ." ನಾನು ನನ್ನ ಎದೆಯನ್ನೇ ಬಡಿದು ತೋರಿಸಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಭಾವಪರವಶನಾಗಿ ತನ್ನ ಎದೆಯನ್ನೂ ಬಡಿದುಕೊಂಡ. ಮಾವನವರ ಕಡೆ ನೋಡಿದೆ. ಅವರು ಊರ ಮುಂದೆ ಮಾತಾಡುತ್ತಿರುವ ಅಳಿಯನನ್ನು ನೋಡುತ್ತ ಎಷ್ಟು ಹೆಮ್ಮೆಯಿಂದ ಕೂತಿದ್ದರೆಂದರೆ, ಮುಂದಿನ ವಾಕ್ಯವನ್ನು ಅಲ್ಲೇ ಬಿಟ್ಟೆ. ಎಲ್ಲರಿಗೂ ಶರಣು ಎಂದು ಕೂತುಬಿಟ್ಟೆ.

ನನಗೆ ಶಾಲು ಹೊದಿಸಲು ಮಾವನವರೇ ಎದ್ದು ಬಂದರು. ಶಾಲು ಬಿಚ್ಚುವಾಗ ಕೆಮ್ಮು ಬಂತು. ನಿಲ್ಲಲಿಲ್ಲ. ಶಾಲನ್ನು ಹಿಡಿದುಕೊಂಡೇ ಬಗ್ಗಿದರು, ಬಗ್ಗಿದವರು ನನ್ನ ಕಾಲ ಬಳಿ ಕೂತರು. ತುಟಿ ಕಪ್ಪಾಯಿತು. ಯಾರೋ ನೀರು ತಂದರು, ನೀರು ಒಳಗೆ ಹೋಗಲಿಲ್ಲ. ಆ ಕೆಮ್ಮಿಗೆ ಚಂದ್ರಾಮಪ್ಪನವರ ಬಳಿಯೂ ಅರ್ಥ ಇರಲಿಲ್ಲ. ನಾನು ಮೈಕು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಇಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕಸ್ತೂರಿ ಹೆಂಗಸರ ಸಾಲಿನಿಂದ ಎದ್ದು ಎಲ್ಲರ ನಡುವೆ ದಾಟಿಕೊಂಡು ಬಂದಳು. ಅಪ್ಪನ ಬೆನ್ನು ನೀವಿದಳು. ಉಸಿರು ಹತೋಟಿಗೆ ಬಂದ ಮೇಲೆ ಅವರ ಕಿಸೆಗೆ ಕೈ ಹಾಕಿ ಬೀಡಿ ಕಟ್ಟನ್ನು ತೆಗೆದು ಅವರ ಅಂಗೈ ಮೇಲಿಟ್ಟಳು.

"ಅಪ್ಪಾ, ಇದು. ಇದನ್ನ ಸೇದಬ್ಯಾಡ. ನಿನ್ನ ಎದಿ ಕೆಟ್ಟದಂತ ಡಾಕ್ಟ್ರು ಹೇಳ್ಯಾರ. ಬಿಡಲಿಲ್ಲಂದ್ರ ಮುಂದಿನ ಸುಗ್ಗಿಗೆ ನೀ ಅಂಗಳ ದಾಟಂಗಿಲ್ಲಂತ."

ಮೈಕು ಚಾಲೂ ಇತ್ತು. ಊರೆಲ್ಲ ಕೇಳಿತು. ಯಾರೂ ಅರ್ಥ ಹೇಳಲಿಲ್ಲ.

ಮಾವ ಬೀಡಿ ಕಟ್ಟನ್ನು ನೋಡುತ್ತ ಕೂತರು. "ಯಾವಾಗ ಹೇಳಿದ್ರವ್ವ?"

"ಅವತ್ತ. ನೀ ಹೊರಗ ಬೆಂಚಿನ ಮ್ಯಾಲ ಕುಂತಿದ್ದಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಹೌದೇನ್ರಿ?"

"ಹೌದ್ರಿ."

"ಧೂಳು ಅಂದಿದ್ರಲ್ಲರಿ."

ಹೋಳಿ ಹುಣ್ಣಿಮೆಯಿಂದ ಶ್ರಾವಣದ ಕೊನೆಯವರೆಗೆ ಅವರು ಸೇದಿದ್ದೆಲ್ಲ ನನ್ನ ಲೆಕ್ಕಕ್ಕೆ ಬಂದು ನಿಂತ ಹಾಗಾಯಿತು. ಮಾವನವರೇ ನನ್ನನ್ನು ಕಾಪಾಡಿದರು. "ಇರ್ಲಿ ಬಿಡ್ರಿ. ನೀವು ಓದಿದವ್ರು. ಏನರೆ ವಿಚಾರ ಮಾಡೇ ಇರ್ತೀರಿ," ಎಂದರು. ವ್ಯಂಗ್ಯವಾಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮನಸಾರೆ ಅಂದರು.

ಬೀಡಿ ಕಟ್ಟನ್ನು ಅವತ್ತೇ ಗುಡಿಯಲ್ಲಿ ಬಿಟ್ಟು ಬಂದವರು ಮತ್ತೆ ಮುಟ್ಟಿಲ್ಲ. ಮೊದಮೊದಲು ಕೈ ಖಾಲಿ ಕಿಸೆಗೆ ಹೋಗುತ್ತಿತ್ತಂತೆ, ಅತ್ತೆಯ ಮೇಲೆ ರೇಗುತ್ತಿದ್ದರಂತೆ, ಆದರೂ ಮುಟ್ಟಿಲ್ಲ. ಮಗಳು ಹೇಳಿದಳು, ಬಿಟ್ಟರು. ಕಲಬುರಗಿಯ ಡಾಕ್ಟರು ಹೊಸ ಎಕ್ಸರೇ ನೋಡಿ, ಒಳ್ಳೆಯದಾಯಿತು, ಆದರೆ ಅವತ್ತೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು ಎಂದರು. ಈ ಸಲ ಮಾವನವರ ಎದುರೇ ಅಂದರು. ಈಗ ಅವರು ಅಂಗಳ ದಾಟುತ್ತಾರೆ. ಹೊಲಕ್ಕೆ ಹೋಗುವುದು ನಿಂತಿದೆ. ಕಟ್ಟೆಯ ಮೇಲೆ ಕೂತು ಹೊಲದ ದಾರಿ ನೋಡುತ್ತಾರೆ. ಬೀಡಿ ಹೇಗೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಅಳಿಯನ ಮರ್ಯಾದೆ ಉಳಿಸಲು "ನಮ್ಮ ಅಳಿಯಾರು ಕೊಟ್ಟ ಪುಸ್ತಕದಿಂದ," ಎನ್ನುತ್ತಾರೆ. ಅದನ್ನು ಕೇಳಿದವರು ಅಫಜಲಪುರದ ಸಂತೆಯಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಸ್ತೂರಿ ಪಕ್ಕದಲ್ಲಿ ಕೂತಿದ್ದರೆ, ಪುಸ್ತಕ ಮುಗಿದಿದೆ ಎನ್ನುತ್ತೇನೆ.

ಮಾವನವರಲ್ಲಿ ತಪ್ಪಾಯಿತು ಎಂದು ಹೇಳಬೇಕು. ಹೇಳಲೆಂದೇ ಪ್ರತಿ ಸಲ ಮಣ್ಣೂರಕ್ಕೆ ಹೋಗುತ್ತೇನೆ. ಅವರು ಕಟ್ಟೆಯಿಂದ ಎದ್ದು ನಿಲ್ಲಲು ಕಷ್ಟಪಟ್ಟು ಬರ್ರಿ ಬರ್ರಿ ಎನ್ನುತ್ತಾರೆ, ನನಗೆ ಬಾಯಿ ಬರುವುದಿಲ್ಲ. ಚಹಾ ಕುಡಿದು ವಾಪಸ್ ಬರುತ್ತೇನೆ. ನೇರವಾಗಿ ಹೇಳುವುದು ನನ್ನಿಂದಾಗದ ಕೆಲಸ ಎಂದು ಈಗ ಖಚಿತವಾಗಿದೆ. ಆದ್ದರಿಂದ ಮೊನ್ನೆ ಒಂದು ಪುಸ್ತಕ ತರಿಸಿದ್ದೇನೆ. ಒಂದು ಕರಡಿಮರಿ ತನ್ನ ಅಜ್ಜನ ಬಳಿ ಕ್ಷಮೆ ಕೇಳುವ ಕಥೆ. ದೊಡ್ಡ ಅಕ್ಷರ, ಹಾಳೆ ತುಂಬ ಚಿತ್ರ. ಮುಂದಿನ ವಾರ ಒಯ್ದು ಮಾವನವರಿಗೆ ಕೊಡಬೇಕೆಂದಿದ್ದೇನೆ.

ಕಸ್ತೂರಿಗೆ ಇನ್ನೂ ಹೇಳಿಲ್ಲ.